ಭಾವನ ಜೀಪು, ಭಾವಮೈದುನನ ಕೂಪೆ

ಕಂಪ್ಲಿಯ ಉಜ್ಜಿನಪ್ಪನಿಗೆ ಕಾಲುವೆ ನೀರಿನ ಗದ್ದೆ ಇತ್ತು, ಹೊಳೆಯ ಮಗ್ಗುಲಲ್ಲಿ ಬಾಳೆತೋಟ ಇತ್ತು, ಹಳೆಯ ಮಾಳಿಗೆ ಕೆಡವಿ ಕಟ್ಟಿಸಿದ ಹೊಸ ಮನೆ ಇತ್ತು, ಆ ಮನೆಯಲ್ಲಿ ಟೆಲಿಫೋನು ಕೂಡ ಇತ್ತು. ಇಷ್ಟೆಲ್ಲ ಇದ್ದರೂ ಊರಿನವರು ಅವನನ್ನು ಗುರುತಿಸುತ್ತಿದ್ದುದು ಜೀಪಿನಿಂದ. ಯಾವ ಉಜ್ಜಿನಪ್ಪ ಎಂದು ಯಾರಾದರೂ ಕೇಳಿದರೆ ಜೀಪಿನ ಉಜ್ಜಿನಪ್ಪ ಎಂದೇ ಉತ್ತರ ಬರುತ್ತಿತ್ತು. ಉಜ್ಜಿನಪ್ಪನಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಎಮ್ಮೆ ಉಜ್ಜಿನಪ್ಪ ಎಂದು ಇನ್ನೊಬ್ಬನಿದ್ದ. ಅವನನ್ನು ನೋಡಿ ಇವನು ಸಮಾಧಾನಪಟ್ಟುಕೊಳ್ಳುತ್ತಿದ್ದ.

ಜೀಪು ಗಣಿ ಕಂಪನಿಯೊಂದರ ಹರಾಜಿನಲ್ಲಿ ಬಂದದ್ದು. ಅದರ ಮೂಲ ಬಣ್ಣ ಯಾವುದೆಂಬ ಬಗ್ಗೆ ಊರಿನಲ್ಲಿ ಒಮ್ಮತವಿರಲಿಲ್ಲ. ಬಾಗಿಲುಗಳು ಇರಲಿಲ್ಲ, ಇದ್ದವೆಂದು ಹೇಳುವ ಹಿರಿಯರು ಇದ್ದರು, ಅಷ್ಟೆ. ಗೇರಿನ ಕಡ್ಡಿಯ ಪಕ್ಕದಲ್ಲಿ ಇನ್ನೆರಡು ಕುಳ್ಳ ಕಡ್ಡಿಗಳಿದ್ದವು. ಅವನ್ನು ಎಳೆದರೆ ನಾಲ್ಕೂ ಗಾಲಿಗಳು ಒಟ್ಟಿಗೆ ಹಟ ಹಿಡಿದು ತಿರುಗಿ, ಮೊಣಕಾಲುದ್ದದ ಕೆಸರಿನಿಂದಲೂ ಜೀಪು ಎದ್ದು ಬರುತ್ತಿತ್ತು. ನಾಟಿಯ ಕಾಲದಲ್ಲಿ ಗದ್ದೆಯಲ್ಲಿ ಹೂತ ಟ್ರ್ಯಾಕ್ಟರುಗಳನ್ನು ಎಳೆದು ಹಾಕಲು ಊರವರು ಅದನ್ನೇ ಕರೆಯುತ್ತಿದ್ದರು. ಅದು ಬರುವ ಸಪ್ಪಳಕ್ಕೆ ಅಗಸೆಕಟ್ಟೆಯ ನಾಯಿಗಳು ಎದ್ದು ದಾರಿ ಬಿಡುತ್ತಿದ್ದವು.

ಉಜ್ಜಿನಪ್ಪನಿಗಿಂತ ಚೆನ್ನಾಗಿ ಆ ಜೀಪನ್ನು ಓಡಿಸುತ್ತಿದ್ದವಳು ಅವನ ಮಗಳು ಸಂಗಮ್ಮ. ಕಾಲುವೆಯ ಏರಿಯ ಮೇಲೆ ಕಲಿತವಳು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಅಲ್ಲಿ ಕಲಿತವರಿಗೆ ಬೇರೆ ರಸ್ತೆಗಳೆಲ್ಲ ಅಂಗಳವಿದ್ದಂತೆ. ಆದರೆ ಈ ವಿಷಯ ಗಂಡಿನ ಕಡೆಯವರ ಕಿವಿಗೆ ಬೀಳಕೂಡದು ಎಂದು ತಾಯಿ ಸುವರ್ಣಮ್ಮ ಕಟ್ಟಪ್ಪಣೆ ಮಾಡಿದ್ದಳು. ಹುಡುಗಿಗೆ ಹೊಲಿಗೆ ಬರುತ್ತದೆ, ಕಸೂತಿ ಬರುತ್ತದೆ, ರೊಟ್ಟಿ ತೆಳ್ಳಗೆ ಬಡಿಯುತ್ತಾಳೆ ಎಂದು ಹೇಳುವುದು. ಗೇರು ಹಾಕುತ್ತಾಳೆ ಎಂದು ಹೇಳಕೂಡದು. ಹೊಲಿಗೆ, ಕಸೂತಿ, ರೊಟ್ಟಿ ಈ ಮೂರರಲ್ಲಿ ಎರಡು ಸುಳ್ಳಾಗಿದ್ದವು.

ಸಂಬಂಧ ಬಂದದ್ದು ಸಂಡೂರಿನ ಆಚೆಯಿಂದ. ಹುಡುಗ ದೋಣಿಮಲೈ ಗಣಿಯ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಹುಡುಗಿ ನೋಡಲು ಬಂದ ದಿನ ಅವನು ಸಂಗಮ್ಮನನ್ನು ನೋಡಿ ಬೆವರಿ, ಚಹಾದ ಬದಲು ಪಕ್ಕದವರ ನೀರಿನ ಲೋಟ ಎತ್ತಿ ಕುಡಿದ. ಸಂಗಮ್ಮ ಅಂದೇ ಸಂಜೆ ತಾಯಿಗೆ ಹೇಳಿಬಿಟ್ಟಳು: ಮದುವೆ ಅಂತ ಆದರೆ ಇವನೇ, ಇನ್ನು ಮೇಲೆ ಯಾರನ್ನೂ ಕರೆಸಿ ಅವಲಕ್ಕಿ ದಂಡ ಮಾಡಬೇಡಿರಿ.

ತೊಡಕು ಇದ್ದದ್ದು ಹುಡುಗನ ತಂದೆ ಗಾದಿಲಿಂಗಪ್ಪನಲ್ಲಿ. ಆತ ಬಹಳ ಮಿತಭಾಷಿ. ಹೌದು ಅನ್ನುವ ಜಾಗದಲ್ಲಿ ಕತ್ತು ಆಡಿಸುವುದು, ಅಲ್ಲ ಅನ್ನುವ ಜಾಗದಲ್ಲಿ ಸುಮ್ಮನಿರುವುದು. ಸಂಬಂಧ ತಂದ ನಿವೃತ್ತ ಹೆಡ್‌ಮಾಸ್ಟರ್ ಎರ್ರಿಯಪ್ಪನವರು, ಗಾದಿಲಿಂಗಪ್ಪನಿಗೆ ಗಣಿಯಲ್ಲಿ ಬಹಳ ವರ್ಷ ದೊಡ್ಡ ದೊಡ್ಡ ಗಾಡಿಗಳ ಸಂಬಂಧವಿತ್ತು ಎಂದಷ್ಟೇ ತಿಳಿಸಿದ್ದರು. ಉಜ್ಜಿನಪ್ಪ ಅದನ್ನು ಲಾರಿಗಳ ಸಾಹುಕಾರ ಎಂದು ಅರ್ಥ ಮಾಡಿಕೊಂಡ. ಅಂಥ ಸಾಹುಕಾರ ಅವಲಕ್ಕಿ ತಿಂದು, ಕೈ ತೊಳೆದು, ಹೊರಗೆ ಬಂದು, ಜೀಪಿನ ಮುಂದೆ ನಿಂತ. ಒಂದು ಸುತ್ತು ಬಂದ. ಬಗ್ಗಿ ಕೆಳಗೆ ನೋಡಿದ. ಬೆರಳ ಗೆಣ್ಣಿನಿಂದ ಮಡ್‌ಗಾರ್ಡ್ ಮೇಲೆ ಮೆಲ್ಲಗೆ ಬಡಿದ. ಆಮೇಲೆ ದೊಡ್ಡದೊಂದು ನಿಟ್ಟುಸಿರು ಬಿಟ್ಟ.

"ಇದನ್ನ ಇನ್ನೂ ಇಟ್ಟೀರೇನು?"

ಅಷ್ಟು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಆ ಒಂದು ಮಾತು ಉಜ್ಜಿನಪ್ಪನ ಎದೆಯಲ್ಲಿ ಜಾಲಿಮುಳ್ಳಿನಂತೆ ಮುರಿದುಕೊಂಡಿತು. ರಾತ್ರಿ ಊಟ ಸೇರಲಿಲ್ಲ. ತನ್ನ ಜೀಪನ್ನು ನೋಡಿ ಬೀಗರಾಗುವವರು ನಿಟ್ಟುಸಿರು ಬಿಟ್ಟರೆ ಆ ಸಂಬಂಧ ಕುದುರುವುದುಂಟೇ ಎಂದು ಹೆಂಡತಿಯನ್ನು ಕೇಳಿದ. ಜೀಪನ್ನು ನೋಡಿದರೆ ತನಗೂ ನಿಟ್ಟುಸಿರೇ ಬರುತ್ತದೆ ಎಂದು ಸುವರ್ಣಮ್ಮ ಹೇಳಿ ದೀಪ ಆರಿಸಿದಳು.

ಇನ್ನು ಇವರು ಹುಡುಗನ ಮನೆ ನೋಡಲು ಹೋಗುವುದಿತ್ತು. ಜೀಪಿನಲ್ಲಂತೂ ಹೋಗುವುದಿಲ್ಲವೆಂದು ಉಜ್ಜಿನಪ್ಪ ತೀರ್ಮಾನಿಸಿದ. ಮರುದಿನವೇ ಹೊಸಪೇಟೆಗೆ ಹೋಗಿ ಹೆಂಡತಿಯ ತಮ್ಮ ಮೈಲಾರಲಿಂಗಪ್ಪನ ಮುಂದೆ ಕುಳಿತ.

ಮೈಲಾರಲಿಂಗಪ್ಪ ಅದಿರಿನ ಲಾರಿಗಳನ್ನು ಓಡಿಸಿ ಮೇಲೆ ಬಂದವನು. ಹೋದ ದಸರೆಗೆ ಮುಂಬಯಿಯಿಂದ ಒಂದು ಹೊರದೇಶದ ಕಾರು ತರಿಸಿದ್ದ. ಅಂಥದನ್ನು ಹೊಸಪೇಟೆ ಹಿಂದೆಂದೂ ಕಂಡಿರಲಿಲ್ಲ. ಅದು ಮಲಗಿದ ಮೀನಿನಂತೆ ನೆಲಕ್ಕೆ ಹತ್ತಿಕೊಂಡಿತ್ತು. ಗಾಜುಗಳು ಕಪ್ಪಗಿದ್ದವು. ಸ್ಟೇರಿಂಗು ಎಡಗಡೆ ಇತ್ತು. ಬಾಗಿಲುಗಳು ಎರಡೇ. ಓಣಿಯ ಜನ ಮೊದಲ ದಿನ ಸುತ್ತ ನಿಂತು, ಉಳಿದ ಎರಡು ಬಾಗಿಲು ಹಿಂದಿನ ಲಾರಿಯಲ್ಲಿ ಬರುತ್ತಿವೆಯೇ ಎಂದು ವಿಚಾರಿಸಿದ್ದರು. ಇಂಥ ಕಾರಿಗೆ ಕೂಪೆ ಅನ್ನುತ್ತಾರೆ, ಇದು ಶ್ರೀಮಂತರ ಲಕ್ಷಣ ಎಂದು ಮೈಲಾರಲಿಂಗಪ್ಪ ವಿವರಿಸಿದ. ಆ ಹೊತ್ತಿಗೆ ಅಲ್ಲಿದ್ದ ಹೆಡ್‌ಮಾಸ್ಟರ್ ಎರ್ರಿಯಪ್ಪನವರು ಕನ್ನಡಕ ಸರಿಪಡಿಸಿಕೊಂಡು, ಕೂಪ ಎಂದರೆ ಸಂಸ್ಕೃತದಲ್ಲಿ ಬಾವಿ ಎಂದು ಅರ್ಥ ಬಿಡಿಸಿದರು. ಅಂದಿನಿಂದ ಓಣಿಯವರಿಗೆ ಅದು ಬಾವಿ ಕಾರು. ಅದರೊಳಗೆ ಕುಳಿತು ನೋಡಿದವರು ಹೆಸರು ಸರಿಯಾಗಿಯೇ ಇದೆ ಎಂದರು. ಇಳಿಯುವುದು ಸುಲಭ, ಏರಿ ಬರುವುದು ಕಷ್ಟ.

ಕಾರನ್ನು ಕೊಡಲು ಮೈಲಾರಲಿಂಗಪ್ಪ ಒಪ್ಪಿದ, ಆದರೆ ತಾನೇ ಓಡಿಸುವುದೆಂದು ಷರತ್ತು ಹಾಕಿದ. ಭಾವನ ಕೈಗೆ ಕೊಟ್ಟರೆ ಅದನ್ನು ಗದ್ದೆಗೆ ಇಳಿಸಿ ಟ್ರ್ಯಾಕ್ಟರ್ ಎಳೆಸಿಯಾನು ಎಂಬ ಭಯ ಅವನಿಗೆ.

ಹೊರಡುವ ಹಿಂದಿನ ದಿನ ಗಾದಿಲಿಂಗಪ್ಪನ ಫೋನು ಬಂತು. ಸಂಡೂರಿನ ಬೂತಿನಿಂದ ಮಾಡಿದ್ದು. ತಂತಿಯಲ್ಲಿ ಯಾರೋ ಕಡಲೆ ಹುರಿದಂತೆ ಸದ್ದು. ಆತ ಹೇಳಿದ್ದು ಇಷ್ಟು: "ಬರೂವಾಗ ಆ ಹಳೇ ಜೀಪ ತರೋದು ಮರೀಬ್ಯಾಡ್ರಿ. ಅದನ್ನ ಕಣ್ತುಂಬ ನೋಡ್ಬೇಕು ಅನ್ನಿಸೇತಿ."

ಉಜ್ಜಿನಪ್ಪನ ಕಿವಿಗೆ ಬಿದ್ದದ್ದು ಬೇರೆ. ಕಡಲೆ ಹುರಿಯುವ ಸದ್ದಿನಲ್ಲಿ ಜೀಪ ಹೋಗಿ ಜೀವ ಆಯಿತು. ಹಳೇ ಜೀವ ಎಂದರೆ ಮನೆಯಲ್ಲಿ ಇನ್ನಾರು? ಅವನ ತಾಯಿ ಚೆನ್ನಬಸಮ್ಮ. ಹುಡುಗಿ ನೋಡಲು ಬಂದ ದಿನ ಮುದುಕಿ ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದಳು, ಯಾರೂ ಮಾತಾಡಿಸಿರಲಿಲ್ಲ. ಈಗ ಬೀಗರೇ ಫೋನು ಮಾಡಿ ಅವಳನ್ನು ಕಣ್ತುಂಬ ನೋಡಬೇಕೆನ್ನುವುದೆಂದರೆ! ಉಜ್ಜಿನಪ್ಪನ ಕಣ್ಣು ಒದ್ದೆಯಾಯಿತು. ಲಾರಿಗಳ ಸಾಹುಕಾರನಾದರೂ ಹಿರಿಯರೆಂದರೆ ಎಂಥ ಗೌರವ ಎಂದು ಹೆಂಡತಿಯ ಮುಂದೆ ಹೊಗಳಿದ. ವಿಷಯ ತಿಳಿದ ಕೂಡಲೇ ಮುದುಕಿ ಪೆಟ್ಟಿಗೆ ತೆಗೆಸಿ, ಮದುವೆಯ ಕಾಲದ ಇಳಕಲ್ ಸೀರೆ ಬಿಸಿಲಿಗೆ ಹಾಕಿಸಿದಳು. ಸಂಜೆಯವರೆಗೆ ಓಣಿಯಲ್ಲಿ ಹೋಗಿ ಬರುವವರನ್ನೆಲ್ಲ ಕರೆದು, ತನ್ನನ್ನು ಸಂಡೂರಿನವರು ಹೆಸರು ಹಿಡಿದು ಕರೆದಿದ್ದಾರೆ ಎಂದು ಹೇಳಿದಳು.

ಬೆಳಗ್ಗೆ ಕಾರು ಬಂದು ಬಾಗಿಲಲ್ಲಿ ನಿಂತಿತು. ನೆರೆಹೊರೆಯವರು ಒಂದು ಕಡೆ ಜೀಪು, ಒಂದು ಕಡೆ ಕೂಪೆ ನಿಂತದ್ದನ್ನು ನೋಡಿ ಹೋಲಿಸತೊಡಗಿದರು. ಜೀಪಿಗೆ ಬಾಗಿಲಿಲ್ಲ, ಕಾರಿಗೆ ಎರಡು. ಆದ್ದರಿಂದ ಕಾರು ಮೇಲು ಎಂದರು ಕೆಲವರು. ಜೀಪಿನಲ್ಲಿ ಹದಿನೈದು ಜನ ಹಿಡಿಸುತ್ತಾರೆ, ಇದರಲ್ಲಿ ಇಬ್ಬರೂವರೆ ಎಂದರು ಇನ್ನು ಕೆಲವರು. ಪಕ್ಕದ ಮನೆಯ ಹೊಳೆಮ್ಮ ಇಬ್ಬರೂವರೆಯಲ್ಲಿ ಆ ಅರೆ ಯಾರು ಎಂದು ಕೇಳಿದಳು. ಎಲ್ಲರೂ ಚೆನ್ನಬಸಮ್ಮನ ಕಡೆ ನೋಡಿದರು.

ಮುಂದಿನ ಸೀಟನ್ನು ಮಡಚಿ, ಆ ಸಂದಿಯಲ್ಲಿ ಮುದುಕಿಯನ್ನು ಹಿಂದಕ್ಕೆ ಇಳಿಸಬೇಕಿತ್ತು. ಮೊದಲು ತಲೆ ಎಂದು ಮೈಲಾರಲಿಂಗಪ್ಪ, ಮೊದಲು ಕಾಲು ಎಂದು ಉಜ್ಜಿನಪ್ಪ. ಕೊನೆಗೆ ಮುದುಕಿ ಹಿಂಬದಿಯನ್ನೇ ಮುಂದೆ ಮಾಡಿ ಧೊಪ್ಪನೆ ಒಳಗೆ ಬಿದ್ದಳು. ಸೀಟು ಅವಳನ್ನು ನುಂಗಿಕೊಂಡಿತು. ಅವಳ ಪಕ್ಕದಲ್ಲಿ ಸುವರ್ಣಮ್ಮ ಮೊಣಕಾಲುಗಳನ್ನು ಗದ್ದಕ್ಕೆ ತಾಗಿಸಿಕೊಂಡು ಕುಳಿತಳು. ಬಾಳೆಗೊನೆಗೆ ಜಾಗವಾಗದೆ ಅದನ್ನು ಉಜ್ಜಿನಪ್ಪ ತೊಡೆಯ ಮೇಲೆ ಇಟ್ಟುಕೊಂಡ. ಏಸಿ ಹಾಕಿದ ಕೂಡಲೇ ಮುದುಕಿ ಸುತ್ತಲೂ ನೋಡಿ, ಈ ಕಾರಿನಾಗ ಯಾವ ದೇವರು ಅದಾನ, ಇಷ್ಟು ತಂಪು ಬಿಡಾಕತ್ಯಾನ ಎಂದು ಕೇಳಿ ಕೈ ಮುಗಿದಳು.

ಕಂಪ್ಲಿ ದಾಟಿದ ಮೇಲೆ ಕಾಲುವೆಯ ಸೇತುವೆಗಳು ಒಂದರ ಹಿಂದೊಂದು ಬಂದವು. ಪ್ರತಿ ಸೇತುವೆಯ ಉಬ್ಬಿಗೂ ಕಾರಿನ ಹೊಟ್ಟೆ ಗರ್ರ್ ಎಂದು ಉಜ್ಜಿ, ಮೈಲಾರಲಿಂಗಪ್ಪ ತನ್ನ ಹೊಟ್ಟೆಯನ್ನೇ ಯಾರೋ ಉಜ್ಜಿದಂತೆ ಮುಖ ಮಾಡುತ್ತಿದ್ದ. ಸುಗ್ಗಿಯ ಕಾಲ, ರೈತರು ಹುರುಳಿ ಸೊಪ್ಪನ್ನು ಒಕ್ಕಣೆಗೆಂದು ರಸ್ತೆಯ ಮೇಲೆ ಹರವಿದ್ದರು. ಜೀಪಾದರೆ ಮೇಲಿಂದ ಹಾದು ಹೋಗುತ್ತಿತ್ತು. ಕೂಪೆ ಸೊಪ್ಪನ್ನೆಲ್ಲ ಬಾಚಿಕೊಂಡು ಹೊರಟಿತು. ಒಬ್ಬ ರೈತ ತನ್ನ ಹುರುಳಿ ಹೊರದೇಶದ ಕಾರಿನಲ್ಲಿ ಹೋಗುವುದನ್ನು ಕಂಡು ಹಿಂದೆ ಓಡಿಬಂದು, ಕಾರು ನಿಲ್ಲಿಸಿ, ಅರ್ಧ ಗಾಡಿಯಷ್ಟು ಸೊಪ್ಪು ಕೆಳಗಿಂದ ಎಳೆದುಕೊಂಡ. ಉಳಿದದ್ದು ಮುಂಭಾಗದಲ್ಲಿ ಗಡ್ಡದಂತೆ ಜೋತಾಡಿತು.

ಸಂಡೂರಿನ ಹಾದಿಯಲ್ಲಿ ಅದಿರು ಲಾರಿಗಳ ತಪಾಸಣೆಯ ಗೇಟಿತ್ತು. ಗಾರ್ಡು ರೂಢಿಯಂತೆ ಬಲಗಡೆ ಬಂದು ಗಾಜು ತಟ್ಟಿದ. ಗಾಜು ಇಳಿದಾಗ ಕಂಡವನು ಉಜ್ಜಿನಪ್ಪ, ಕೈಯಲ್ಲಿ ಬಾಳೆಗೊನೆ. ಗಾರ್ಡು ಅವನ ಮುಂದೆ ನೋಡಿದ, ಪಕ್ಕಕ್ಕೆ ನೋಡಿದ, ಎಲ್ಲೂ ಸ್ಟೇರಿಂಗು ಕಾಣಲಿಲ್ಲ.

"ಎಲ್ಲೈತ್ರಿ ಸ್ಟೇರಿಂಗು?"

"ಆ ಕಡೆ ಐತ್ರಿ," ಎಂದ ಉಜ್ಜಿನಪ್ಪ.

ಗಾರ್ಡು ಆ ಕಡೆ ಹೋಗಿ ನೋಡಿ, ಕಿತ್ತು ಈಚೆಗೆ ಹಾಕಿಸಿಕೊಂಡದ್ದಕ್ಕೆ ಪರವಾನಗಿ ಇದೆಯೇ ಎಂದು ಮೈಲಾರಲಿಂಗಪ್ಪನನ್ನು ವಿಚಾರಿಸತೊಡಗಿದ. ಕಾರು ಹುಟ್ಟಿದ್ದೇ ಹಾಗೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಹಿಂದೆ ಲಾರಿಗಳ ಸಾಲು ಬೆಳೆದು, ಡ್ರೈವರುಗಳೆಲ್ಲ ಇಳಿದು ಬಂದು, ತಲೆಗೊಂದು ಅಭಿಪ್ರಾಯ ಕೊಟ್ಟರು. ಹುಟ್ಟಿನಿಂದ ಎಡಚ ಆದರೆ ಏನು ಮಾಡಲಿಕ್ಕೆ ಬರುತ್ತದೆ, ಬಿಡ್ರಿ ಪಾಪ ಎಂದು ಒಬ್ಬ ಹಿರಿಯ ಡ್ರೈವರು ಕರುಣೆ ತೋರಿಸಿದ ಮೇಲೆ ಗೇಟು ತೆರೆಯಿತು.

ಗಾದಿಲಿಂಗಪ್ಪನ ಮನೆ ಸಂಡೂರು ದಾಟಿ, ಬೆಟ್ಟದ ಬುಡದಲ್ಲಿ, ಒಂದು ಹಳ್ಳದ ಆಚೆ ಇತ್ತು. ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟೇ, ಆದರೆ ಮರಳು ಬಹಳ. ಮೈಲಾರಲಿಂಗಪ್ಪ ನಿಂತು ಯೋಚಿಸಿದ. ಉಜ್ಜಿನಪ್ಪ ಮಾತ್ರ, ಬೀಗರ ಅಂಗಳದಲ್ಲಿ ಹೋಗಿ ನಿಲ್ಲದಿದ್ದರೆ ಈ ಕಾರು ತಂದು ಏನು ಬಂತು ಎಂದು ಒತ್ತಾಯ ಮಾಡಿದ. ಕಾರು ಇಳಿಯಿತು. ಹಳ್ಳದ ನಡುವೆ ಒಮ್ಮೆ ಗುಂಯ್ಯೆಂದಿತು. ಹಿಂದಿನ ಗಾಲಿಗಳು ಮರಳನ್ನು ಹಿಂದಕ್ಕೆ ಎಸೆದವು, ಕಾರು ಬಲಗಡೆಗೆ ವಾಲಿ, ಕುಳಿತ ಎಮ್ಮೆಯಂತೆ ಕುಳಿತುಬಿಟ್ಟಿತು. ಬಲಬಾಗಿಲಿಗೆ ಮರಳಿನ ದಿಬ್ಬ ಒತ್ತಿಕೊಂಡಿತ್ತು, ಅದು ತೆರೆಯುವಂತಿರಲಿಲ್ಲ. ಮೈಲಾರಲಿಂಗಪ್ಪ, ಉಜ್ಜಿನಪ್ಪ, ಬಾಳೆಗೊನೆ, ಸುವರ್ಣಮ್ಮ ಈ ಕ್ರಮದಲ್ಲಿ ಎಡಬಾಗಿಲಿನಿಂದ ಹೊರಬಿದ್ದರು. ಚೆನ್ನಬಸಮ್ಮ ಬರಲಿಲ್ಲ. ಬರಲು ಆಗುವಂತೆಯೂ ಇರಲಿಲ್ಲ, ಬರುವ ಮನಸ್ಸೂ ಅವಳಿಗಿರಲಿಲ್ಲ. ಬಾಗಿಲು ಹಾಕ್ರಿ, ತಂಪು ಹೊರಗ ಹೋಗತೈತಿ ಎಂದು ಗದರಿ, ಕಣ್ಣು ಮುಚ್ಚಿ ನಿದ್ದೆ ಹೋದಳು. ಏಸಿ ನಿಲ್ಲದಿರಲೆಂದು ಇಂಜಿನ್ನನ್ನು ಹಾಗೇ ಬಿಟ್ಟರು.

ಮೈಲಾರಲಿಂಗಪ್ಪ ಸಿಕ್ಕ ಲಾರಿ ಹತ್ತಿ ಸಂಡೂರಿಗೆ ಹೋಗಿ ಕಂಪ್ಲಿಗೆ ಫೋನು ಮಾಡಿದ. ಯಾರಾದರೂ ಟ್ರ್ಯಾಕ್ಟರಿನವರನ್ನು ಕಳಿಸು ಎಂದು ಸಂಗಮ್ಮನಿಗೆ ಹೇಳಿದ. ಅಲ್ಲೇ ಇರ್ರಿ ಮಾವ ಎಂದಷ್ಟೇ ಹೇಳಿ ಅವಳು ಫೋನಿಟ್ಟಳು.

ಅಷ್ಟರಲ್ಲಿ ಸುದ್ದಿ ತಿಳಿದು ಗಾದಿಲಿಂಗಪ್ಪ ಹಳ್ಳಕ್ಕೇ ಬಂದ. ಅವನ ಹೆಂಡತಿ ಕರೆಮ್ಮ ಉಪ್ಪಿಟ್ಟಿನ ಪಾತ್ರೆ, ಚಹಾದ ಕೆಟ್ಲು ಹೊತ್ತು ತಂದಳು. ಮಗನಿಗೆ ಮೊದಲ ಪಾಳಿ. ಮಧ್ಯಾಹ್ನ ಬರುವನೆಂದು ಹೇಳಿದಳು. ಮನೆ ನೋಡುವ ಶಾಸ್ತ್ರ ಹೀಗೆ ಹಳ್ಳದಲ್ಲಿ ಶುರುವಾಯಿತು. ಗಾದಿಲಿಂಗಪ್ಪ ಕೂಪೆಯನ್ನು ಒಮ್ಮೆ ನೋಡಿದ, ಅದರ ಗಡ್ಡವನ್ನೂ ನೋಡಿದ. ಆಮೇಲೆ ದೃಷ್ಟಿ ಅದರಾಚೆ ರಸ್ತೆಗೆ ಹೋಯಿತು.

"ಅದನ್ನ ತರಲಿಲ್ಲೇನು?"

"ತಂದೀವ್ರಿ. ಹಿಂದೈತಿ," ಎಂದ ಉಜ್ಜಿನಪ್ಪ ಹಿಂದಿನ ಸೀಟಿನ ಕಡೆ ಗದ್ದ ತೋರಿಸಿ.

ಗದ್ದ ರಸ್ತೆಯ ಕಡೆಗೂ ಇತ್ತು. ಹಿಂದಿನಿಂದ ಬರುತ್ತಿದೆ ಎಂದು ತಿಳಿದ ಗಾದಿಲಿಂಗಪ್ಪನ ಮುಖ ಅರಳಿತು. ಬಂಡೆಯೊಂದರ ಮೇಲೆ ಕುಳಿತು, ಉಜ್ಜಿನಪ್ಪನಿಗೂ ಜಾಗ ಮಾಡಿಕೊಟ್ಟ. ಈಗ ಹೇಗಿದೆ ಎಂದು ವಿಚಾರಿಸಿದ.

ಉಜ್ಜಿನಪ್ಪ ಎಲೆಯಡಿಕೆ ಮೆಲ್ಲುತ್ತ, ವಯಸ್ಸಾಯಿತಲ್ಲ, ಕೀಲುಗಳೆಲ್ಲ ಸಡಿಲಾಗಿವೆ, ಮುಂಜಾನೆ ಎದ್ದೇಳಲು ಬಹಳ ತ್ರಾಸು, ಇಬ್ಬರು ಕೂಡಿ ನೂಕಬೇಕು ಎಂದ.

"ಚಳಿಗೆ ಹಂಗ. ಬಿಸಿನೀರು ಹಾಕ್ರಿ."

"ದಿನಾ ಹಾಕ್ತೀವ್ರಿ."

ಗಾದಿಲಿಂಗಪ್ಪ ಮೆಚ್ಚಿ ತಲೆಯಾಡಿಸಿದ. ಕುಡಿಯುವುದು ಹೇಗೆ ಎಂದು ಕೇಳಿದ. ಮೊದಲಿಗಿಂತ ಹೆಚ್ಚಾಗಿದೆ ಎಂದು ಉಜ್ಜಿನಪ್ಪ ಒಪ್ಪಿಕೊಂಡ. ಮುದುಕಿಯ ಚಹಾದ ಚಟ ಇವರಿಗೆ ಯಾರು ಹೇಳಿದರೋ ಎಂದು ಸೋಜಿಗಪಟ್ಟ.

"ಹೊಗಿ ಬಿಡ್ತೈತೇನು?"

ಉಜ್ಜಿನಪ್ಪನಿಗೆ ಎಲೆಯಡಿಕೆ ಗಂಟಲಲ್ಲಿ ಸಿಕ್ಕಿತು. ಊಟವಾದ ಮೇಲೆ ತಾಯಿ ದನದ ಕೊಟ್ಟಿಗೆಯ ಹಿಂದೆ ಹೋಗಿ ಒಂದು ಬೀಡಿ ಸೇದುವುದು ಮನೆಯವರ ಹೊರತು ಹುಳಕ್ಕೂ ಗೊತ್ತಿಲ್ಲದ ಗುಟ್ಟು. ಮುಚ್ಚಿಟ್ಟು ಉಪಯೋಗವಿಲ್ಲವೆಂದು ಅವನು ಸುತ್ತ ನೋಡಿ, ದನಿ ತಗ್ಗಿಸಿದ.

"ಊಟ ಆದ ಮ್ಯಾಲ ಒಂದೀಟು, ರೀ. ಕೊಟ್ಟಿಗಿ ಹಿಂದ."

ಊಟಕ್ಕೂ ಹೊಗೆಗೂ ಏನು ಸಂಬಂಧ ಎಂದು ಗಾದಿಲಿಂಗಪ್ಪನಿಗೆ ತಿಳಿಯಲಿಲ್ಲ. ಹೊಗೆ ಬಿಳಿಯದೋ ಕರಿಯದೋ ಎಂದು ಕೇಳಿದ. ಅಷ್ಟು ಹತ್ತಿರ ಹೋಗಿ ನೋಡಿಲ್ಲವೆಂದು ಉಜ್ಜಿನಪ್ಪ ಹೇಳಿದ. ಚಹಾ ಎರಡು ಸುತ್ತಾಯಿತು, ಬಿಸಿಲು ನೆತ್ತಿಗೇರಿತು. ಕೊನೆಗೆ ಗಾದಿಲಿಂಗಪ್ಪ, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಹೊರಗೆಡಹುವವನಂತೆ ಕೈ ಕೈ ಉಜ್ಜಿಕೊಂಡ.

"ನಿಮಗ ಸಾಕಾಗಿದ್ರ ನನಗ ಬಿಡ್ರಿ. ಒಂದು ವಾರ ಸಾಕು. ಎಲ್ಲಾ ಬಿಚ್ಚಿ, ಒಂದೊಂದ ಭಾಗ ಬ್ಯಾರೆ ಮಾಡಿ, ಸೀಮೆಎಣ್ಣ್ಯಾಗ ತೊಳದು, ಮತ್ತ ಕೂಡಿಸ್ತೀನಿ."

ಉಜ್ಜಿನಪ್ಪ ಎದ್ದು ನಿಂತ. ಬಂಡೆಯ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಸುವರ್ಣಮ್ಮನ ಕೈಯಿಂದ ಉಪ್ಪಿಟ್ಟಿನ ತಟ್ಟೆ ಜಾರಿತು. ಅವಳು ಗಂಡನನ್ನು ಪಕ್ಕಕ್ಕೆ ಎಳೆದುಕೊಂಡು ಹೋದಳು. ಅತ್ತೆಯ ಜೊತೆ ತನ್ನದು ನೂರು ಜಗಳ ಇರಲಿ, ಆದರೆ ಮುದುಕಿಯನ್ನು ಬಿಚ್ಚಿ ತೊಳೆಯುವ ಮನೆಗೆ ಮಗಳನ್ನು ಕೊಡುವ ಮಾತೇ ಇಲ್ಲ ಎಂದಳು. ಉಜ್ಜಿನಪ್ಪನಿಗೆ ಸಂಗಮ್ಮನ ಮುಖ ಕಣ್ಣ ಮುಂದೆ ಬಂತು. ಅವಳಿಗೆ ಏನೆಂದು ಹೇಳುವುದು? ಹುಡುಗ ಒಳ್ಳೆಯವನು, ಅವನ ತಂದೆಗೆ ಹಿರಿಯರನ್ನು ಬಿಚ್ಚುವ ಹವ್ಯಾಸವಿದೆ ಎಂದೇ? ಆದರೂ ಎದೆ ಗಟ್ಟಿ ಮಾಡಿಕೊಂಡು, ಸಂಬಂಧ ಬೇಡವೆಂದು ಹೇಳಿಬಿಡಲು ಬಂಡೆಯ ಕಡೆ ತಿರುಗಿದ.

ಆಗ ರಸ್ತೆಯ ಮೇಲೆ ಆ ಸಪ್ಪಳ ಕೇಳಿಸಿತು.

ಜೀಪು ಕೆಂಧೂಳೆಬ್ಬಿಸಿಕೊಂಡು ಬಂತು. ಓಡಿಸುತ್ತಿದ್ದವಳು ಸಂಗಮ್ಮ, ಸೆರಗು ಸೊಂಟಕ್ಕೆ ಬಿಗಿದು. ಪಕ್ಕದಲ್ಲಿ ಹೊಳೆಮ್ಮ ಕಂಬಿ ತಬ್ಬಿಕೊಂಡು ಕಣ್ಣು ಮುಚ್ಚಿದ್ದಳು. ಸುವರ್ಣಮ್ಮ ಹಣೆ ಬಡಿದುಕೊಂಡಳು. ಮುಚ್ಚಿಟ್ಟ ಗುಟ್ಟು ಹೀಗೆ ಹಾರ್ನ್ ಹೊಡೆಯುತ್ತ ಬರಬೇಕೇ? ಸಂಗಮ್ಮ ಹಳ್ಳದ ದಡದಲ್ಲಿ ನಿಲ್ಲಲೇ ಇಲ್ಲ. ಕುಳ್ಳ ಕಡ್ಡಿಗಳೆರಡನ್ನೂ ಎಳೆದಳು. ಜೀಪು ಗುರುಗುಟ್ಟುತ್ತ ಮರಳಿಗೆ ಇಳಿದು, ಆಮೆಯಂತೆ ನಿಧಾನವಾಗಿ, ಎಲ್ಲೂ ಹೂಳದೆ, ಕೂಪೆಯನ್ನು ದಾಟಿ ಅದರ ಮುಂದೆ ಹೋಗಿ ನಿಂತಿತು.

ಗಾದಿಲಿಂಗಪ್ಪ ಯಾರನ್ನೂ ನೋಡದೆ ನೇರ ಜೀಪಿನ ಬಳಿ ಹೋದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬಿಸಿಯಿತ್ತು, ಆದರೂ ತೆಗೆಯಲಿಲ್ಲ.

"ಹಿಂದೈತಿ ಅಂದ್ರಿ. ಭಾಳ ಹಿಂದಿತ್ತು ನೋಡ್ರಿ," ಎಂದ.

ಆಮೇಲೆ ಆತ ಮಾತಾಡಿದ್ದನ್ನು ಕರೆಮ್ಮ ಕೂಡ ಬಾಯಿ ತೆರೆದು ಕೇಳಿದಳು. ಮದುವೆಯಾದಾಗಿನಿಂದ ಅಷ್ಟು ಮಾತು ಒಟ್ಟಿಗೆ ಅವನ ಬಾಯಿಂದ ಬಂದಿರಲಿಲ್ಲ. ಆತ ಲಾರಿಗಳ ಸಾಹುಕಾರನಲ್ಲ. ಗಣಿ ಕಂಪನಿಯಲ್ಲಿ ಡ್ರೈವರನಾಗಿದ್ದವನು, ಓಡಿಸಿದ್ದು ಇದೇ ಜೀಪು. ಮಡ್‌ಗಾರ್ಡಿನ ತಗ್ಗು ಅವನು ಮಾಡಿದ್ದೇ. ಒಂದು ಮಳೆಗಾಲ ಕರೆಮ್ಮನಿಗೆ ನೋವು ಕಾಣಿಸಿ ಆಸ್ಪತ್ರೆಗೆಂದು ಹೊರಟಾಗ ಈ ಹಳ್ಳ ತುಂಬಿ ಹರಿಯುತ್ತಿತ್ತು. ಬೇರೆ ಯಾವ ಗಾಡಿಯೂ ಇಳಿಯಲೊಲ್ಲದು. ಇದು ಇಳಿಯಿತು. ಆದರೆ ಮಗು ಕಾಯಲಿಲ್ಲ. ನಟ್ಟನಡುವೆ, ಹಿಂದಿನ ಸೀಟಿನಲ್ಲಿ ಹುಟ್ಟಿಬಿಟ್ಟಿತು. ಆ ಮಗುವೇ ಈಗ ಮೊದಲ ಪಾಳಿಗೆ ಹೋಗಿರುವ ವರ. ಹರಾಜಿನಲ್ಲಿ ಜೀಪು ಯಾರ ಪಾಲಾಯಿತೋ ಎಂದು ಇಷ್ಟು ವರ್ಷ ಕೊರಗಿದ್ದವನಿಗೆ ಅದು ಕಂಪ್ಲಿಯಲ್ಲಿ, ಹೆಣ್ಣಿನವರ ಅಂಗಳದಲ್ಲಿ ಕಂಡಿತ್ತು. ಆ ದಿನ ಇಷ್ಟನ್ನೆಲ್ಲ ಹೇಳಲು ಬಾರದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಿದ್ದ.

"ಎಲ್ಲಾರ ಮುಂದ ಅದನ್ಯಾಕ ಹೇಳ್ತೀರಿ," ಎಂದು ಕರೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಉಜ್ಜಿನಪ್ಪ ಮರಳಿನ ಮೇಲೆ ಕುಳಿತುಬಿಟ್ಟಿದ್ದ. ಬಿಸಿನೀರು, ಕುಡಿಯುವುದು, ಹೊಗೆ, ಸೀಮೆಎಣ್ಣೆ ಎಲ್ಲವೂ ಒಂದೊಂದಾಗಿ ಅವನ ತಲೆಯಲ್ಲಿ ತಮ್ಮ ತಮ್ಮ ಜಾಗಕ್ಕೆ ಹೋಗಿ ಕುಳಿತವು.

"ಫೋನಿನಾಗ ನೀವು ಜೀಪ ಅಂದ್ರೇನ್ರಿ?"

"ಮತ್ತೇನಂದೆ?"

ಉಜ್ಜಿನಪ್ಪ ಬೀಗರ ಕಿವಿಯಲ್ಲಿ ನಡೆದದ್ದನ್ನು ಉಸುರಿದ. ಗಾದಿಲಿಂಗಪ್ಪನ ಮುಖ ಮೊದಲು ಗಂಭೀರವಾಯಿತು, ಆಮೇಲೆ ಮೀಸೆ ಅಲುಗಿತು, ಆಮೇಲೆ ಹೊಟ್ಟೆ ಕುಣಿಯಿತು. ಆತ ಜೀಪಿನ ಕಂಬಿ ಹಿಡಿದುಕೊಂಡು ಸದ್ದಿಲ್ಲದೆ ನಕ್ಕ, ನಗುವಿನಲ್ಲೂ ಮಿತಭಾಷಿ.

ಅದೇ ಹೊತ್ತಿಗೆ ಕೂಪೆಯ ಪೆಟ್ರೋಲು ಮುಗಿಯಿತು. ಇಂಜಿನ್ನು ನಿಂತಿತು, ತಂಪೂ ನಿಂತಿತು. ಒಳಗಿನಿಂದ ಕಪ್ಪು ಗಾಜನ್ನು ಬಡಿಯುವ ಸದ್ದಾಯಿತು. ಸುವರ್ಣಮ್ಮ ಓಡಿಹೋಗಿ ಬಾಗಿಲು ತೆರೆದಳು. ಸೀಟಿನ ಆಳದಲ್ಲಿ ಇಳಕಲ್ ಸೀರೆ, ವಿಭೂತಿ, ಒಂದು ಜೊತೆ ಕಣ್ಣು ಕಂಡವು.

"ಗಾದಿಲಿಂಗಪ್ಪ ಅಂದ್ರ ಯಾರಪ?" ಎಂದು ಬಾವಿಯೊಳಗಿಂದ ದನಿ ಬಂತು. "ನನ್ನ ಕಣ್ತುಂಬ ನೋಡ್ಬೇಕು ಅಂದೀಯಂತ. ಯಾಕ?"

 ಉಜ್ಜಿನಪ್ಪ ಬೀಗರ ಕಡೆ ನೋಡಿ, ಎದೆಯ ಹತ್ತಿರ ಯಾರಿಗೂ ಕಾಣದಂತೆ ಕೈ ಜೋಡಿಸಿದ. ಹಿಂದಿನ ದಿನವೆಲ್ಲ ಓಣಿಗೆ ಹೇಳಿಕೊಂಡು ಬಂದ ಮುದುಕಿ. ಕರೆದದ್ದು ನಿನ್ನನ್ನಲ್ಲ ಅಂದರೆ ಆ ಜೀವ ತಡೆದೀತೇ? ಗಾದಿಲಿಂಗಪ್ಪ ನಗು ನುಂಗಿಕೊಂಡು, ರುಮಾಲು ಸರಿಪಡಿಸಿಕೊಂಡು, ಕಾರಿನ ಬಾಗಿಲ ಮುಂದೆ ಮರಳಿನಲ್ಲಿ ಮೊಣಕಾಲೂರಿದ.

"ಹಿರೇರ ಕೈಯಾಗಿನ ಎಲಿಅಡಿಕಿ ಬೇಕಾಗಿತ್ತವ್ವ. ಅದಿಲ್ದ ಶುಭಕಾರ್ಯ ಹೆಂಗ ಮಾಡೋದು?"

ಮುದುಕಿ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದಳು.

"ಹಂಗಾದ್ರ ಒಂದ್ ಮಾತು ಕೇಳು. ನನ್ನ ಸೊಸಿ ಹೊಲಿಗಿ, ಕಸೂತಿ ಅಂತ ಏನೇನೋ ಹೇಳ್ಯಾಳ, ನಂಬಬ್ಯಾಡ. ನಮ್ಮ ಹುಡುಗಿ ಜೀಪ ಓಡಸ್ತಾಳ. ಚಲೋ ಓಡಸ್ತಾಳ. ಒಪ್ಪಿಗಿ ಇದ್ರ ಹೇಳು, ಇಲ್ಲಂದ್ರ ಬಾಗಲಾ ಹಾಕು."

"ನೋಡಿದೆನವ್ವ," ಎಂದ ಗಾದಿಲಿಂಗಪ್ಪ. "ಈ ಹಳ್ಳ ಹಿಂಗ ದಾಟಿಸ್ದೋರು ನನ್ನ ಬಿಟ್ರ ಇಕೀನ. ಒಪ್ಪಿಗಿ."

ಸಂಗಮ್ಮ ಜೀಪಿನ ಹಿಂದೆ ಹೋಗಿ ಹಗ್ಗ ಹುಡುಕುವವಳಂತೆ ಬಹಳ ಹೊತ್ತು ಬಗ್ಗಿಕೊಂಡಿದ್ದಳು.

ಮರಳಲು ಲಾರಿ ಸಿಗದೆ ಸಂಡೂರಿನಿಂದ ಮೈಲಾರಲಿಂಗಪ್ಪ ನಡೆದುಕೊಂಡೇ ಬಂದಾಗ ಕೂಪೆಗೆ ಹಗ್ಗ ಕಟ್ಟುತ್ತಿದ್ದರು. ಮೆಲ್ಲಗೆ, ಮೆಲ್ಲಗೆ ಎಂದು ಆತ ಕೈ ಬೀಸುತ್ತಿದ್ದಂತೆ ಸಂಗಮ್ಮ ಜೀಪನ್ನು ಮುಂದೆ ಬಿಟ್ಟಳು. ಮೊದಲ ಎಳೆತಕ್ಕೆ ಕೂಪೆಯ ಮುಂದಿನ ಬಂಪರು ಹುರುಳಿ ಗಡ್ಡದ ಸಮೇತ ಹೊರಟು ಬಂತು, ಕಾರು ಅಲ್ಲೇ ಉಳಿಯಿತು. ಮೈಲಾರಲಿಂಗಪ್ಪ ಅದನ್ನು ಎತ್ತಿಕೊಂಡು, ಕೂಸನ್ನು ತಬ್ಬಿದಂತೆ ತಬ್ಬಿ ನಿಂತ. ಎರಡನೆಯ ಸಲ ಗಾದಿಲಿಂಗಪ್ಪನೇ ಕೆಳಗೆ ತೂರಿ, ಹಗ್ಗವನ್ನು ಗಟ್ಟಿ ಜಾಗಕ್ಕೆ ಬಿಗಿದ. ಜೀಪು ಮುಂದೆ, ಕೂಪೆ ಹಿಂದೆ, ಕೂಪೆಯೊಳಗೆ ಚೆನ್ನಬಸಮ್ಮ, ಅದರ ಹಿಂದೆ ಬಂಪರು ಹೊತ್ತ ಮೈಲಾರಲಿಂಗಪ್ಪ, ಹೀಗೆ ಮೆರವಣಿಗೆ ಬೀಗರ ಅಂಗಳ ಮುಟ್ಟಿತು. ಮೊದಲ ಪಾಳಿ ಮುಗಿಸಿ ಬಂದ ವರ ಅಂಗಳದಲ್ಲಿ ತಾನು ಹುಟ್ಟಿದ ಜೀಪನ್ನೂ, ಅದರ ಸ್ಟೇರಿಂಗಿನ ಹಿಂದೆ ಸಂಗಮ್ಮನನ್ನೂ ಕಂಡು, ಮತ್ತೆ ಬೆವರಿ, ಎದುರಿಗಿದ್ದ ಚೊಂಬಿನ ನೀರನ್ನು ಕುಡಿದುಬಿಟ್ಟ. ಅದು ಮುದುಕಿಯ ಕಾಲು ತೊಳೆಯಲೆಂದು ಇಟ್ಟ ನೀರು.

ಮುದುಕಿಯನ್ನು ಹೊರತೆಗೆಯುವುದು ಮಾತ್ರ ಬಾಕಿ ಉಳಿಯಿತು. ಕೈ ಹಿಡಿದು ಎಳೆದರು, ಬೆನ್ನಿಗೆ ದಿಂಬು ಕೊಟ್ಟು ನೂಕಿದರು, ಏನೂ ಆಗಲಿಲ್ಲ. ಎಲೆಯಡಿಕೆ ಕಾರಿನ ಬಾಗಿಲಲ್ಲೇ ಕೊಟ್ಟು ತೆಗೆದುಕೊಂಡದ್ದಾಯಿತು. ಒಳಗೆ ಹೋಳಿಗೆಗೆ ತುಪ್ಪ ಹಾಕಿದ್ದೇನೆ, ಆರುತ್ತದೆ ಎಂದು ಕರೆಮ್ಮ ಹೇಳಿದ ಮೇಲೆ ಮುದುಕಿ ಯಾರ ಸಹಾಯವೂ ಇಲ್ಲದೆ ತಾನೇ ಎದ್ದು ಬಂದಳು.

ಊಟದ ನಂತರ ಉಜ್ಜಿನಪ್ಪ ದೊಡ್ಡ ಮನಸ್ಸು ಮಾಡಿ, ಜೀಪನ್ನು ಬೀಗರಿಗೇ ಕೊಟ್ಟುಬಿಡುವುದಾಗಿ ಹೇಳಿದ. ಗಾದಿಲಿಂಗಪ್ಪ ಒಪ್ಪಲಿಲ್ಲ. ಹೆಣ್ಣಿನವರ ಕಡೆಯಿಂದ ಹೆಣ್ಣನ್ನು ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ, ಅದು ಅಲ್ಲೇ ಇರಲಿ, ತಾನೇ ಆಗಾಗ ಬಂದು ನೋಡಿಕೊಂಡು ಹೋಗುತ್ತೇನೆ ಎಂದ. ಎಂಥ ದುರಾಸೆಯಿಲ್ಲದ ಮನುಷ್ಯ ಎಂದು ಉಜ್ಜಿನಪ್ಪ ದಾರಿಯುದ್ದಕ್ಕೂ ಹೊಗಳಿದ.

ಹೊಗಳಿಕೆ ಬಹಳ ದಿನ ಬಾಳಲಿಲ್ಲ. ಮುಂದಿನ ಭಾನುವಾರ ಮೊದಲ ಬಸ್ಸಿಗೆ ಗಾದಿಲಿಂಗಪ್ಪ ಕಂಪ್ಲಿಯಲ್ಲಿ ಇಳಿದ, ಕೈಯಲ್ಲಿ ಸ್ಪ್ಯಾನರುಗಳ ಚೀಲ. ಬೀಗರ ಯೋಗಕ್ಷೇಮ ಕೇಳುವ ಮೊದಲೇ ಜೀಪಿನ ಕೆಳಗೆ ಹೋದ. ಊಟಕ್ಕೆ ಬಂದ, ಮತ್ತೆ ಹೋದ. ಅದರ ಮುಂದಿನ ಭಾನುವಾರವೂ ಅಷ್ಟೆ. ಬರಬರುತ್ತ ಶನಿವಾರವೇ ಬರತೊಡಗಿದ. ಗದ್ದೆಗೆ ಹೋಗಲು ಜೀಪು ಬೇಕೆಂದು ಉಜ್ಜಿನಪ್ಪ ಮೆಲ್ಲಗೆ ಕೇಳಿದರೆ, ಇವತ್ತು ಬ್ಯಾಡ, ಹಿಂದಿನ ಆಕ್ಸಲು ಹೊರಗೈತಿ ಎಂದು ಕೆಳಗಿನಿಂದ ಉತ್ತರ ಬರುತ್ತಿತ್ತು. ಉಜ್ಜಿನಪ್ಪ ಗದ್ದೆಗೆ ಸೈಕಲ್ಲಿನಲ್ಲಿ ಹೋಗತೊಡಗಿದ. ಮೈಲಾರಲಿಂಗಪ್ಪನಿಗೂ ಬಿಡುವಿರಲಿಲ್ಲ. ಬಂಪರು ಹಾಕಿಸಿಕೊಂಡ ಕೂಪೆಯನ್ನು ಚೆನ್ನಬಸಮ್ಮ ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಕರೆಸುತ್ತಿದ್ದಳು. ಎಲ್ಲಿಗೂ ಹೋಗುವುದಕ್ಕಲ್ಲ, ಮನೆಯ ಮುಂದೆ ಏಸಿಯಲ್ಲಿ ಕುಳಿತು ಒಂದು ನಿದ್ದೆ ಮಾಡುವುದಕ್ಕೆ.

ಮದುವೆ ಕಂಪ್ಲಿಯಲ್ಲಿ ಸಾಂಗವಾಗಿ ನಡೆಯಿತು. ಮರುದಿನ ಮದುಮಕ್ಕಳನ್ನು ವಿರೂಪಾಕ್ಷನ ದರ್ಶನಕ್ಕೆಂದು ಹಂಪಿಗೆ ಕರೆದುಕೊಂಡು ಹೋದರು. ಸಂಗಮ್ಮ ಜೀಪು ಓಡಿಸಿದಳು, ಮದುಮಗ ಪಕ್ಕದಲ್ಲಿ ಕುಳಿತು ಬಾಸಿಂಗ ಹಾರದಂತೆ ಹಿಡಿದುಕೊಂಡಿದ್ದ. ದರ್ಶನ ಮುಗಿಸಿ, ಹಂಪಿ ಬಜಾರಿನ ಕಲ್ಲುಮಂಟಪಗಳ ಸಾಲಿನ ಮುಂದೆ ಎಲ್ಲರೂ ಸೇರಿ ಒಂದು ಫೋಟೋ ತೆಗೆಸಿಕೊಂಡರು. ಆ ಫೋಟೋಕ್ಕೆ ಚೌಕಟ್ಟು ಹಾಕಿಸಿ ಉಜ್ಜಿನಪ್ಪ ಪಡಸಾಲೆಯಲ್ಲಿ ತೂಗುಹಾಕಿದ್ದಾನೆ. ನಡುವೆ ಮದುಮಕ್ಕಳು, ಆಚೀಚೆ ಸುವರ್ಣಮ್ಮ, ಕರೆಮ್ಮ. ಒಂದು ಕಡೆ ಕೂಪೆ. ಅದರ ಕಪ್ಪು ಗಾಜು ಒಂದಿಷ್ಟು ಇಳಿದಿದ್ದು, ಅಲ್ಲಿಂದ ಚೆನ್ನಬಸಮ್ಮನ ಒಂದು ಕೈ ಮಾತ್ರ ಆಶೀರ್ವಾದ ಮಾಡುತ್ತಿದೆ. ಇನ್ನೊಂದು ಕಡೆ ಜೀಪು.

ಮನೆಗೆ ಬಂದವರು ಫೋಟೋ ನೋಡಿ, ಎಲ್ಲ ಸರಿ, ಗಂಡಿನ ತಂದೆ ಕಾಣಿಸುತ್ತಿಲ್ಲವಲ್ಲ ಎಂದು ಕೇಳುತ್ತಾರೆ. ಉಜ್ಜಿನಪ್ಪ ಎದ್ದು ಹತ್ತಿರ ಹೋಗಿ, ಜೀಪಿನ ಕೆಳಗಿನಿಂದ ಹೊರಚಾಚಿಕೊಂಡಿರುವ ಎರಡು ಪಾದಗಳ ಮೇಲೆ ಬೆರಳಿಟ್ಟು ತೋರಿಸುತ್ತಾನೆ.

"ಇವ್ರೇ ನೋಡ್ರಿ ನಮ್ಮ ಬೀಗರು. ಭಾಳ ಚಲೋ ಮನುಷ್ಯ."